ಒಂದು ಉದ್ಯಮ, ಒಂದು ಲೆಕ್ಕದ ಪುಸ್ತಕ

ಲೋಲಕದ ಪ್ರಯೋಗವನ್ನು ಮುಗಿಸಿದ ವಿದ್ಯಾರ್ಥಿಯೊಬ್ಬನು ತನ್ನ ರೆಕಾರ್ಡ್ ಪುಸ್ತಕವನ್ನು ನನ್ನ ಮುಂದಿಟ್ಟನು. ಗುರುತ್ವ ವೇಗೋತ್ಕರ್ಷದ ಬೆಲೆ 978 ಎಂದು ಅದರಲ್ಲಿ ಬರೆದಿದ್ದಿತು. "978 ಏನಪ್ಪ?" ಎಂದು ಕೇಳಿದೆ. "ಉತ್ತರ, ಸಾರ್" ಎಂದನು. ಉತ್ತರವೇನೋ ಸರಿಯೇ, ಉದ್ದವನ್ನು ಸೆಂಟಿಮೀಟರಿನಲ್ಲಿ ಅಳೆದರೆ ನಮ್ಮ ಕಡೆ ಹೆಚ್ಚುಕಡಮೆ ಅಷ್ಟೇ ಬರುತ್ತದೆ. ಆದರೆ ಅದೇ ಪುಸ್ತಕದ ಹಿಂದಿನ ಪುಟದಲ್ಲಿ ದಾರದ ಉದ್ದವನ್ನು 1 ಎಂದು, ಎಂದರೆ ಮೀಟರಿನಲ್ಲಿ, ಬರೆದಿದ್ದನು. ಈ ಎರಡು ಪುಟಗಳನ್ನು ನಂಬಿ ಬೇರೊಬ್ಬನು ಲೋಲಕದ ಆವರ್ತಕಾಲವನ್ನು ಲೆಕ್ಕ ಹಾಕಿದರೆ, ಎರಡು ಸೆಕೆಂಡು ಬರಬೇಕಾದ ಕಡೆ ಸೆಕೆಂಡಿನ ಐದನೆಯ ಒಂದು ಭಾಗ ಬರುತ್ತದೆ. ಎರಡು ಪುಟಗಳಲ್ಲಿ ಯಾವುದನ್ನೇ ಪ್ರತ್ಯೇಕವಾಗಿ ನೋಡಿದರೂ ತಪ್ಪಿಲ್ಲ. ತಪ್ಪು ಇರುವುದು ಅವುಗಳ ನಡುವೆ.

ಪ್ರಯೋಗಶಾಲೆಯಲ್ಲಿ ಇಂಥ ತಪ್ಪಿಗೆ ಎರಡು ಅಂಕ ಕಳೆಯುತ್ತೇವೆ, ಅಲ್ಲಿಗೆ ಮುಗಿಯಿತು. ದೊಡ್ಡ ಉದ್ಯಮಗಳ ಗಣಕಯಂತ್ರಗಳನ್ನು ಒಂದಕ್ಕೊಂದು ಜೋಡಿಸುವಾಗ ಇದೇ ಜಾತಿಯ ತಪ್ಪು ನುಸುಳಿದರೆ ಏನಾಗುತ್ತದೆಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಪೇಟೆಯ ಚಿಕ್ಕ ದಿನಸಿ ಅಂಗಡಿಯಲ್ಲಿ ಯಜಮಾನನೇ ಉಗ್ರಾಣಿಕ, ಅವನೇ ಗುಮಾಸ್ತ, ಅವನೇ ಖಜಾಂಚಿ. ಬೇಳೆ ಎಷ್ಟು ಉಳಿದಿದೆ, ಯಾರು ಎಷ್ಟು ಬಾಕಿ, ಸಗಟು ವ್ಯಾಪಾರಿಗೆ ಎಷ್ಟು ಕೊಡಬೇಕು, ಇವೆಲ್ಲ ಒಂದೇ ತಲೆಯಲ್ಲಿಯೂ ಒಂದೇ ಪುಸ್ತಕದಲ್ಲಿಯೂ ಇರುತ್ತವೆ. ಕಾರ್ಖಾನೆ ದೊಡ್ಡದಾದಂತೆ ಈ ಪುಸ್ತಕ ಒಡೆದು ಹಲವಾಗುತ್ತದೆ. ಮಾರಾಟದ ವಿಭಾಗಕ್ಕೊಂದು, ಉಗ್ರಾಣಕ್ಕೊಂದು, ಸಂಬಳಕ್ಕೊಂದು, ಲೆಕ್ಕಪತ್ರಕ್ಕೊಂದು. ಸೋಮವಾರ ಮಾರಿದ ಸರಕು ಉಗ್ರಾಣದ ಪುಸ್ತಕದಲ್ಲಿ ಗುರುವಾರ ಇಳಿಯುತ್ತದೆ. ನಡುವಣ ಮೂರು ದಿನ ಇಲ್ಲದ ಸರಕನ್ನು ಇದೆಯೆಂದು ಮಾರುತ್ತಿರುತ್ತಾರೆ. ಒಡೆದುಹೋದ ಈ ಪುಸ್ತಕಗಳನ್ನು ಮತ್ತೆ ಒಂದಾಗಿಸುವ ಗಣಕ ವ್ಯವಸ್ಥೆಗೆ ಉದ್ಯಮ ಸಂಪನ್ಮೂಲ ಯೋಜನೆಯ ತಂತ್ರಾಂಶ, ಚಿಕ್ಕದಾಗಿ ಇ.ಆರ್.ಪಿ., ಎಂದು ಹೆಸರು.

ಇದರ ಬೀಜ ಕಾರ್ಖಾನೆಯ ಸಾಮಗ್ರಿಗಳ ಲೆಕ್ಕದಲ್ಲಿದೆ. ಸೈಕಲ್ ತಯಾರಿಸುವ ಕಾರ್ಖಾನೆಯೊಂದಕ್ಕೆ 500 ಸೈಕಲ್ಲುಗಳ ಬೇಡಿಕೆ ಬಂದಿತೆನ್ನಿ. ಹಳೆಯ ಮಾದರಿಯ ಸೈಕಲ್ಲಿನಲ್ಲಿ ಮುಂದಿನ ಚಕ್ರಕ್ಕೆ 32, ಹಿಂದಿನದಕ್ಕೆ 40, ಒಟ್ಟು 72 ಕಡ್ಡಿಗಳು. ಆದುದರಿಂದ 36,000 ಕಡ್ಡಿಗಳು ಬೇಕು. ಉಗ್ರಾಣದಲ್ಲಿ 10,000 ಇದ್ದರೆ 26,000 ತರಿಸಬೇಕು. ತರಿಸಲು ಎರಡು ವಾರ ಹಿಡಿಯುವುದಾದರೆ ಚಕ್ರ ಕಟ್ಟುವ ದಿನಕ್ಕಿಂತ ಎರಡು ವಾರ ಮುಂಚೆಯೇ ಕಾಗದ ಹೋಗಬೇಕು. ಟೈರು, ಪೆಡಲು, ಬೆಲ್ಲು, ಎಲ್ಲಕ್ಕೂ ಹೀಗೆಯೇ. ಒಂದೊಂದೂ ಸುಲಭದ ಲೆಕ್ಕ. ಒಟ್ಟಿನಲ್ಲಿ ಮನುಷ್ಯನ ತಾಳ್ಮೆಗೆ ಮೀರಿದ್ದು. ಅಮೆರಿಕದಲ್ಲಿ ಜೋಸೆಫ್ ಆರ್ಲಿಕಿ ಎಂಬಾತನು ಈ ಕ್ರಮವನ್ನು ಶಾಸ್ತ್ರವಾಗಿ ರೂಪಿಸಿದನು. 1964ರಲ್ಲಿ ಬ್ಲಾಕ್ ಅಂಡ್ ಡೆಕರ್ ಎಂಬ ಉಪಕರಣ ತಯಾರಕರು ಇದನ್ನು ಮೊದಲು ಬಳಕೆಗೆ ತಂದರು. 1972ರಲ್ಲಿ ಐ.ಬಿ.ಎಂ. ಸಂಸ್ಥೆಯನ್ನು ಬಿಟ್ಟುಬಂದ ಐವರು ಜರ್ಮನಿಯಲ್ಲಿ ಎಸ್.ಎ.ಪಿ. ಎಂಬ ಸಂಸ್ಥೆಯನ್ನು ಕಟ್ಟಿ, ನೈಲಾನ್ ಕಾರ್ಖಾನೆಯೊಂದನ್ನು ಮೊದಲ ಗಿರಾಕಿಯಾಗಿ ಪಡೆದರು. ಅವರ ಉದ್ದೇಶ ಸಾಮಗ್ರಿಯ ಲೆಕ್ಕವೂ ಹಣದ ಲೆಕ್ಕವೂ ಒಂದೇ ಕಡೆ, ಆ ಕ್ಷಣದಲ್ಲಿಯೇ ನಡೆಯಬೇಕೆಂಬುದು. ಇ.ಆರ್.ಪಿ. ಎಂಬ ಹೆಸರು ಹುಟ್ಟಿದ್ದು 1990ರಲ್ಲಿ. 1998ರಲ್ಲಿ ಎಸ್.ಎ.ಪಿ. ಸಂಸ್ಥೆ ಬೆಂಗಳೂರಿನಲ್ಲಿ ತನ್ನ ಪ್ರಯೋಗಾಲಯವನ್ನು ತೆರೆಯಿತು. ಈ ಪುಟವನ್ನು ಓದುತ್ತಿರುವ ಕೆಲವರ ಅಣ್ಣಂದಿರೋ ಅಕ್ಕಂದಿರೋ ಇಂಥ ಕೆಲಸದಲ್ಲಿಯೇ ಇದ್ದರೆ ಆಶ್ಚರ್ಯವಿಲ್ಲ.

ಎಲ್ಲವೂ ಒಂದೇ ತಂತ್ರಾಂಶದಲ್ಲಿ ಅಡಗಿದರೆ ತೊಂದರೆಯೇ ಇರುತ್ತಿರಲಿಲ್ಲ. ಹಾಗೆ ಆಗುವುದು ಅಪರೂಪ. ಉಗ್ರಾಣವನ್ನು ನಡೆಸಲು ಬೇರೊಂದು ತಂತ್ರಾಂಶವಿರುತ್ತದೆ, ಅಂಗಡಿಯ ಕಟ್ಟೆಯ ಮೇಲೆ ಹಣ ಪಡೆಯುವ ಯಂತ್ರ ಇನ್ನೊಬ್ಬರದು, ಬ್ಯಾಂಕಿನದು ಮತ್ತೊಂದು. ಇವು ಪರಸ್ಪರ ಮಾತನಾಡಬೇಕು. ಹತ್ತು ವ್ಯವಸ್ಥೆಗಳನ್ನು ಒಂದೊಂದಕ್ಕೂ ನೇರವಾಗಿ ಜೋಡಿಸಿದರೆ 45 ಜೋಡಣೆಗಳಾಗುತ್ತವೆ, ಇಪ್ಪತ್ತಾದರೆ 190. (ಹತ್ತು ಮಂದಿ ಪರಸ್ಪರ ಕೈಕುಲುಕುವ ಲೆಕ್ಕವನ್ನು ತರಗತಿಯಲ್ಲಿ ಮಾಡಿದವರಿಗೆ ಇದು ಹೊಸದಲ್ಲ.) ಆದಕಾರಣ ನಡುವೆ ಒಂದು ವಿನಿಮಯ ಕೇಂದ್ರವನ್ನಿಟ್ಟು, ಎಲ್ಲರೂ ಅದರ ಮೂಲಕವೇ ಸಂದೇಶ ಕಳುಹಿಸುವಂತೆ ಮಾಡುವ ಪದ್ಧತಿಯುಂಟು. ಜೋಡಣೆಗಳು ಆಗ ಹತ್ತಕ್ಕೆ ಇಳಿಯುತ್ತವೆ. ತಂತಿಯ ತೊಡಕು ಇದರಿಂದ ತೀರಿತು. ಅರ್ಥದ ತೊಡಕು ತೀರಲಿಲ್ಲ.

ಅರ್ಥದ ತೊಡಕೆಂದರೇನು? ನಾನು ಬಲ್ಲ ಕಾಲೇಜೊಂದರಲ್ಲಿ ಶುಲ್ಕ, ಗ್ರಂಥಾಲಯ, ಪರೀಕ್ಷೆ, ಈ ಮೂರೂ ವಿಭಾಗಗಳ ಗಣಕಗಳನ್ನು ಜೋಡಿಸಿದರು. ಗ್ರಂಥಾಲಯದವರು ವಿದ್ಯಾರ್ಥಿಯ ಹೆಸರಿನ ಮೊದಲಿಗೆ ಇನಿಷಿಯಲ್ ಬರೆಯುತ್ತಿದ್ದರು. ಪರೀಕ್ಷಾ ವಿಭಾಗದವರು ಕೊನೆಯಲ್ಲಿ. ಜೋಡಿಸಿದವರು ಹೆಸರನ್ನು ಹೆಸರಿನೊಡನೆ ಹೊಂದಿಸುವಾಗ ಇನಿಷಿಯಲ್‌ಗಳನ್ನು ಕೈಬಿಟ್ಟರು. ಫಲವಾಗಿ ಯಾರೋ ಹಿಂದಿರುಗಿಸದ ಪುಸ್ತಕದ ಬಾಕಿ ಅದೇ ಹೆಸರಿನ ಇನ್ನೊಬ್ಬ ಹುಡುಗನ ಮೇಲೆ ಬಂದು, ಅವನ ಹಾಲ್ ಟಿಕೆಟ್ಟು ತಡೆಯಲ್ಪಟ್ಟಿತು. ಪರೀಕ್ಷೆಯ ಬೆಳಿಗ್ಗೆ ಅವನು ಕಚೇರಿಯ ಕಿಟಕಿಯ ಮುಂದೆ ನಿಂತು ಅಳುತ್ತಿದ್ದುದನ್ನು ನಾನು ಕಂಡಿದ್ದೇನೆ. ಗುಮಾಸ್ತರು ಕೆಟ್ಟವರಲ್ಲ, "ಕಂಪ್ಯೂಟರಿನಲ್ಲಿ ಹಾಗಿದೆಯಪ್ಪ" ಎಂದು ಅವರೂ ಅಸಹಾಯಕರಾಗಿ ಹೇಳುತ್ತಿದ್ದರು. ಒಬ್ಬೊಬ್ಬ ವಿದ್ಯಾರ್ಥಿಗೂ ಎಲ್ಲ ವಿಭಾಗಗಳಲ್ಲಿಯೂ ಒಂದೇ ಸಂಖ್ಯೆ ಎಂಬ ನಿಯಮವನ್ನು ಮೊದಲೇ ಮಾಡಿದ್ದರೆ ಆ ಹುಡುಗನಿಗೆ ಅಷ್ಟು ಸಂಕಟವಿರುತ್ತಿರಲಿಲ್ಲ.

ಈಗ ದೊಡ್ಡ ಉದಾಹರಣೆಗೆ ಬರೋಣ. ಟಾರ್ಗೆಟ್ ಎಂಬುದು ಅಮೆರಿಕದ ಭಾರಿ ಅಂಗಡಿ ಸರಣಿ. ಕೆನಡಾ ದೇಶದಲ್ಲಿಯೂ ವ್ಯಾಪಾರ ಹೂಡಬೇಕೆಂದು 2011ರಲ್ಲಿ ಅದು ಅಲ್ಲಿಯ ಜೆಲ್ಲರ್ಸ್ ಸಂಸ್ಥೆಯಿಂದ ಮಳಿಗೆಗಳ ಗುತ್ತಿಗೆಯನ್ನು ಕೊಂಡಿತು. 2013ರ ಮಾರ್ಚಿಯಲ್ಲಿ ಮೊದಲ ಅಂಗಡಿಗಳು ತೆರೆದವು. ಅಮೆರಿಕದಲ್ಲಿ ಟಾರ್ಗೆಟ್ ಬಳಸುತ್ತಿದ್ದುದು ತಾನೇ ವರ್ಷಗಳ ಕಾಲ ಬೆಳೆಸಿದ ತಂತ್ರಾಂಶ. ಅದು ಕೆನಡಾದ ಡಾಲರನ್ನೂ ಫ್ರೆಂಚ್ ಅಕ್ಷರಗಳನ್ನೂ ಬಲ್ಲುದಾಗಿರಲಿಲ್ಲ. ಆದುದರಿಂದ ಕೆನಡಾಕ್ಕೆ ಎಸ್.ಎ.ಪಿ. ತಂತ್ರಾಂಶವನ್ನು ತಂದು, ಬೇಡಿಕೆಯನ್ನು ಅಂದಾಜು ಮಾಡುವ ಮತ್ತು ಉಗ್ರಾಣವನ್ನು ನಡೆಸುವ ಬೇರೆ ತಂತ್ರಾಂಶಗಳೊಡನೆ ಅದನ್ನು ಜೋಡಿಸಿದರು. ಇದಕ್ಕೆ ದೊರೆತ ಕಾಲ ಸುಮಾರು ಎರಡು ವರ್ಷ.

ಹೊಸ ವ್ಯವಸ್ಥೆಯಲ್ಲಿ ಸುಮಾರು 75,000 ಸರಕುಗಳ ವಿವರಗಳನ್ನು ತುಂಬಬೇಕಾಗಿತ್ತು. ಒಂದೊಂದು ಸರಕಿಗೂ ಹತ್ತಾರು ವಿವರಗಳು: ಸಂಕೇತ ಸಂಖ್ಯೆ, ಉದ್ದ, ಅಗಲ, ಎತ್ತರ, ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಎಷ್ಟು ಬಿಡಿಗಳಿವೆ, ಸುಂಕದ ಸಂಕೇತ ಇತ್ಯಾದಿ. ಅವಸರದಲ್ಲಿ ಎಳೆಯ ನೌಕರರು ಇವನ್ನು ತುಂಬಿದರು. ಸೆಂಟಿಮೀಟರ್ ಬೇಕಾದ ಕಡೆ ಅಂಗುಲಗಳು ಬಂದವು. ಉದ್ದದ ಮನೆಯಲ್ಲಿ ಅಗಲ ಕುಳಿತಿತು. ಸುಂಕದ ಸಂಕೇತದಲ್ಲಿ ಅಂಕಿಗಳು ಬಿಟ್ಟುಹೋದವು. ಅಮೆರಿಕದ ವ್ಯವಸ್ಥೆಯಲ್ಲಿ ಶೇಕಡ 98ಕ್ಕಿಂತ ಹೆಚ್ಚು ವಿವರಗಳು ಸರಿಯಿದ್ದರೆ, ಕೆನಡಾದಲ್ಲಿ ಸರಿಯಿದ್ದುದು ಸುಮಾರು ಶೇಕಡ 30 ಮಾತ್ರ ಎಂದು ಅನಂತರದ ಪತ್ರಿಕಾ ವರದಿಯೊಂದು ತಿಳಿಸಿತು.

ಅಂಗುಲದ ತಪ್ಪು ಎಷ್ಟು ದೊಡ್ಡದೆಂಬುದನ್ನು ನಾವೇ ಲೆಕ್ಕ ಹಾಕಬಹುದು. ಒಂದು ಪೆಟ್ಟಿಗೆಯ ಮೂರು ಅಳತೆಗಳೂ 10 ಅಂಗುಲವೆನ್ನಿ. ಒಂದು ಅಂಗುಲ 2.54 ಸೆಂಟಿಮೀಟರಾದುದರಿಂದ ನಿಜವಾದ ಗಾತ್ರ 25.4 ಸೆಂಟಿಮೀಟರಿನ ಘನ, ಎಂದರೆ ಸುಮಾರು 16,387 ಘನ ಸೆಂಟಿಮೀಟರ್. ಗಣಕವಾದರೋ 10 ಎಂಬುದನ್ನು ಸೆಂಟಿಮೀಟರೆಂದೇ ತಿಳಿದು 1,000 ಘನ ಸೆಂಟಿಮೀಟರ್ ಎನ್ನುತ್ತದೆ. ಎರಡೂವರೆ ಪಟ್ಟಿನ ತಪ್ಪು, ಘನವಾದಾಗ ಹದಿನಾರು ಪಟ್ಟಿಗೂ ಮೀರಿ ಬೆಳೆಯಿತು. ಒಂದು ಲಾರಿಯಲ್ಲಿ ಹಿಡಿಸುವುದೆಂದು ಗಣಕ ಹೇಳಿದ ಸರಕಿಗೆ ಹದಿನಾರು ಲಾರಿಗಳೂ ಸಾಲವು! ಟಾರ್ಗೆಟಿನ ಉಗ್ರಾಣಗಳಲ್ಲಿ ಸರಕು ತುಂಬಿ ತುಳುಕಿದುದಕ್ಕೂ, ಅದೇ ಹೊತ್ತಿನಲ್ಲಿ ಅಂಗಡಿಯ ಕಪಾಟುಗಳು ಬರಿದಾಗಿದ್ದುದಕ್ಕೂ ಕಾರಣ ಇಲ್ಲಿ ಹೊಳೆಯುತ್ತದೆ. ಪೆಟ್ಟಿಗೆಯಲ್ಲಿ 12 ಇದೆಯೆಂದು ಗಣಕ ನಂಬಿರುವಾಗ ಲಾರಿಯಿಂದ 24ರ ಪೆಟ್ಟಿಗೆ ಇಳಿದರೆ, ಎದುರಿಗಿರುವ ಸರಕನ್ನೂ ಉಗ್ರಾಣದ ತಂತ್ರಾಂಶ ಗುರುತಿಸಲಾರದು.

ಇನ್ನೊಂದು ಸಂಗತಿ ನನಗೆ ಅಂಗುಲಕ್ಕಿಂತಲೂ ವಿಷಾದಕರವಾಗಿ ಕಂಡಿತು. ಕಪಾಟು ಬರಿದಾದೊಡನೆ ತಾನಾಗಿಯೇ ಸರಕು ತರಿಸುವ ಏರ್ಪಾಡೊಂದು ತಂತ್ರಾಂಶದಲ್ಲಿದ್ದಿತು. ಅದನ್ನು ಒಂದೊಂದು ಸರಕಿಗೂ ಪ್ರತ್ಯೇಕವಾಗಿ ನಿಲ್ಲಿಸಬಹುದಾಗಿತ್ತು. ನಿಲ್ಲಿಸಿದ ಸರಕು ಬರಿದಾದರೂ ಕೊರತೆಯ ಪಟ್ಟಿಯಲ್ಲಿ ಬರುತ್ತಿರಲಿಲ್ಲ. ತಮ್ಮ ವಿಭಾಗದ ಅಂಕಿಗಳು ಚೆನ್ನಾಗಿ ಕಾಣಲೆಂದು ಕೆಲವು ನೌಕರರು ಅದನ್ನು ಸದ್ದಿಲ್ಲದೆ ನಿಲ್ಲಿಸಿದರೆಂದು ವರದಿಯಾಯಿತು. ಉಷ್ಣತಾಮಾಪಕವನ್ನು ರೋಗಿಯ ಬಾಯಿಯಿಂದ ತೆಗೆದು ತಣ್ಣೀರಿನಲ್ಲಿಟ್ಟು ಓದಿದಂತಾಯಿತು. ಮೇಲಿನ ಅಧಿಕಾರಿಗಳು ನೋಡುತ್ತಿದ್ದುದು ಆ ಓದನ್ನೇ.

ಒಂದೊಂದು ಸರಕಿನ ಒಂದೊಂದು ವಿವರವನ್ನೂ ಸರಬರಾಜುದಾರರೊಡನೆ ಮತ್ತೆ ತಾಳೆ ನೋಡಿದ್ದೂ ಉಂಟು. ಆದರೂ ಗಿರಾಕಿಗಳು ಬರಿಯ ಕಪಾಟುಗಳನ್ನು ಕಂಡು ಬೇರೆ ಅಂಗಡಿಗಳಿಗೆ ತಿರುಗಿದರು. 2015ರ ಜನವರಿಯಲ್ಲಿ ಕೆನಡಾದ 133 ಅಂಗಡಿಗಳನ್ನೂ ಮುಚ್ಚುವುದಾಗಿ ಟಾರ್ಗೆಟ್ ಪ್ರಕಟಿಸಿತು. ಕೆಲಸ ಕಳೆದುಕೊಂಡವರು ಸುಮಾರು 17,600 ಮಂದಿ. ಬೆಲೆಗಳು ಹೆಚ್ಚಾಗಿದ್ದುವೆಂಬ ದೂರು, ಕೆಲವು ಮಳಿಗೆಗಳಿಗೆ ತಕ್ಕ ಜಾಗವಿಲ್ಲದಿದ್ದುದು, ಇವೂ ಕಾರಣಗಳೇ. ಎಲ್ಲ ಹೊರೆಯನ್ನೂ ಗಣಕದ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೂ ಸರಕೇ ಇಲ್ಲದ ಅಂಗಡಿಗೆ ಮಿಕ್ಕ ಯಾವ ಗುಣವಿದ್ದೇನು?

ಭೌತಶಾಸ್ತ್ರದ ವಿದ್ಯಾರ್ಥಿಗಳಿಗೆ ಇಲ್ಲಿ 1999ರ ಸೆಪ್ಟೆಂಬರಿನಲ್ಲಿ ಮಂಗಳಗ್ರಹದ ಬಳಿ ನಾಶವಾದ ಆಕಾಶನೌಕೆಯ ನೆನಪು ಬಂದೀತು. ನೋದನದ ಬೆಲೆಯನ್ನು ಒಂದು ತಂತ್ರಾಂಶ ಪೌಂಡು-ಸೆಕೆಂಡುಗಳಲ್ಲಿ ಕೊಟ್ಟಿತು. ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡುಗಳೆಂದು ಓದಿತು. ಅಲ್ಲಿ ತಪ್ಪು 4.45 ಪಟ್ಟು.

ಅಳತೆಯ ಏಕಮಾನವೊಂದೇ ಅಲ್ಲ, 'ಬೆಲೆ' ಎಂಬ ಮಾತಿನ ಅರ್ಥವೂ ಬೇರೆಬೇರೆಯಾಗಬಹುದು. ಜರ್ಮನಿಯ ಲಿಡ್ಲ್ ಎಂಬ ಅಂಗಡಿ ಸರಣಿ ಉಗ್ರಾಣದಲ್ಲಿರುವ ಸರಕಿಗೆ ತಾನು ಕೊಂಡ ಬೆಲೆಯನ್ನು ಕಟ್ಟುವ ರೂಢಿಯವರದು. ಅವರು ತಂದ ಎಸ್.ಎ.ಪಿ. ತಂತ್ರಾಂಶ ಮಾರುವ ಬೆಲೆಯನ್ನು ಆಧಾರವಾಗಿಟ್ಟುಕೊಂಡಿತ್ತು. ರೂಢಿಯನ್ನು ಬಿಡಲು ಲಿಡ್ಲ್ ಒಪ್ಪಲಿಲ್ಲ, ತಂತ್ರಾಂಶವನ್ನೇ ತಿದ್ದಿಸತೊಡಗಿತು. ಒಂದು ತಿದ್ದುಪಡಿ ಹತ್ತು ಕಡೆ ತೇಪೆಯನ್ನು ಬೇಡುತ್ತದೆ. ಏಳು ವರ್ಷ ದುಡಿದು, ಸುಮಾರು 50 ಕೋಟಿ ಯೂರೋ ವೆಚ್ಚವಾಯಿತೆಂದು ಹೇಳಲಾದ ಆ ಕೆಲಸವನ್ನು 2018ರಲ್ಲಿ ಕೈಬಿಟ್ಟರು. ಅಮೆರಿಕದ ಹರ್ಷೀ ಚಾಕೊಲೇಟ್ ಸಂಸ್ಥೆ 1999ರ ಜುಲೈಯಲ್ಲಿ, ಮಿಠಾಯಿ ಹೆಚ್ಚು ಮಾರಾಟವಾಗುವ ಹಬ್ಬದ ಕಾಲಕ್ಕೆ ತೀರ ಸಮೀಪದಲ್ಲಿ, ಮೂರು ಹೊಸ ತಂತ್ರಾಂಶಗಳನ್ನು ಒಟ್ಟಿಗೆ ಹೂಡಿ ಸುಮಾರು 10 ಕೋಟಿ ಡಾಲರಿನ ಬೇಡಿಕೆಯನ್ನು ಪೂರೈಸಲಾರದೆ ಹೋಯಿತು. ಸುಗ್ಗಿಯ ದಿನ ಕಣದ ನೆಲ ಅಗೆಯುವವರನ್ನು ನಾವು ಏನೆನ್ನುತ್ತೇವೆ?

ಸಂದೇಶ ಎರಡು ಬಾರಿ ಹೋಗುವುದು ಮತ್ತೊಂದು ತೊಡಕು. ನೀವು ರಿಜಿಸ್ಟರ್ ಅಂಚೆಯಲ್ಲಿ ಕಾಗದ ಕಳುಹಿಸಿದಿರಿ. ಸ್ವೀಕೃತಿ ಪತ್ರ ಹಿಂದಿರುಗಲಿಲ್ಲ. ಕಾಗದವೇ ತಲಪಲಿಲ್ಲವೋ, ತಲಪಿದ ಮೇಲೆ ಸ್ವೀಕೃತಿ ಕಳೆದುಹೋಯಿತೋ? ಕುಳಿತಲ್ಲಿಂದ ತಿಳಿಯುವಂತಿಲ್ಲ. ಮತ್ತೆ ಕಳುಹಿಸಿದರೆ ಒಂದು ಬೇಡಿಕೆ ಎರಡಾದೀತು. ಇದಕ್ಕೆ ಉಪಾಯವೆಂದರೆ ಒಂದೊಂದು ಸಂದೇಶಕ್ಕೂ ಬದಲಾಗದ ಗುರುತನ್ನು ಕೊಟ್ಟು, ಅದೇ ಗುರುತು ಮತ್ತೆ ಬಂದರೆ ಎದುರಿನವರು ತಿರಸ್ಕರಿಸುವುದು.

ಈ ಉಪಾಯ ಈಗ ನಮ್ಮ ದೇಶದಲ್ಲಿಯೇ ದಿನವೂ ನಡೆಯುತ್ತಿದೆ. 2020ರ ಅಕ್ಟೋಬರ್ 1ರಿಂದ 500 ಕೋಟಿ ರೂಪಾಯಿಗೆ ಮೇಲ್ಪಟ್ಟ ವಹಿವಾಟಿನ ಉದ್ಯಮಗಳು ಇತರ ಉದ್ಯಮಗಳಿಗೆ ಬರೆಯುವ ಬಿಲ್ಲನ್ನು ಜಿ.ಎಸ್.ಟಿ. ವ್ಯವಸ್ಥೆಯ ನೋಂದಣಿ ಗಣಕಕ್ಕೆ ಕಳುಹಿಸಬೇಕಾಯಿತು. ಈ ಮಿತಿ ಹಂತಹಂತವಾಗಿ ಇಳಿದು 2023ರ ಆಗಸ್ಟಿನಲ್ಲಿ 5 ಕೋಟಿಗೆ ಬಂದಿತು. ಕಾರ್ಖಾನೆಯ ಇ.ಆರ್.ಪಿ. ತಂತ್ರಾಂಶ ಸರಕಾರದ ಗಣಕದೊಡನೆ ನೇರವಾಗಿ ಮಾತನಾಡುತ್ತದೆ. ಮಾರುವವನ ಜಿ.ಎಸ್.ಟಿ. ಸಂಖ್ಯೆ, ಹಣಕಾಸಿನ ವರ್ಷ, ದಾಖಲೆಯ ಬಗೆ, ದಾಖಲೆಯ ಸಂಖ್ಯೆ, ಈ ನಾಲ್ಕರಿಂದ ಗಣಿತದ ಕ್ರಮವೊಂದರಿಂದ 64 ಅಕ್ಷರಗಳ ಗುರುತು ಹುಟ್ಟುತ್ತದೆ. ಅದೇ ನಾಲ್ಕನ್ನು ಮತ್ತೆ ಕಳುಹಿಸಿದರೆ ಅದೇ ಗುರುತೇ ಹುಟ್ಟುವುದರಿಂದ ಎರಡನೆಯ ಬಿಲ್ಲು ನೋಂದಣಿಯಾಗುವುದಿಲ್ಲ.

ಪರಿಮಾಣದ ಏಕಮಾನಗಳಿಗೂ ಜಿ.ಎಸ್.ಟಿ.ಯವರು ನಿಶ್ಚಿತವಾದ ಪಟ್ಟಿಯೊಂದನ್ನು ಮಾಡಿದ್ದಾರೆ. ಕಿಲೋಗ್ರಾಂ, ಮೀಟರ್, ಡಜನ್, ಕ್ವಿಂಟಲ್, ಒಂದೊಂದಕ್ಕೂ ಮೂರು ಅಕ್ಷರಗಳ ಸಂಕೇತ. ಕಾರ್ಖಾನೆಯವರು ತಮ್ಮಲ್ಲಿ 'ನಗ' ಎಂದು ಬರೆಯಲಿ, 'ಪೀಸು' ಎಂದು ಬರೆಯಲಿ, ಹೊರಗೆ ಕಳುಹಿಸುವಾಗ ಆ ಪಟ್ಟಿಯ ಸಂಕೇತಕ್ಕೆ ತಿರುಗಿಸಲೇಬೇಕು. ಕುತೂಹಲಕ್ಕೆ ಆ ಪಟ್ಟಿಯನ್ನು ನಾನು ಒಮ್ಮೆ ಓದಿ ನೋಡಿದೆ. ಅದರಲ್ಲಿ ಚೀಲಕ್ಕೂ ಸಂಕೇತವುಂಟು, ಪೆಟ್ಟಿಗೆಗೂ ಉಂಟು. ಪೆಟ್ಟಿಗೆಯಲ್ಲಿ ಎಷ್ಟಿವೆ ಎಂಬುದನ್ನು ಮಾತ್ರ ಸಂಕೇತ ಹೇಳುವುದಿಲ್ಲ. ಅದನ್ನು ಕಳುಹಿಸುವವನೂ ಪಡೆಯುವವನೂ ಇಂದಿಗೂ ತಾವೇ ಕೇಳಿ ತಿಳಿದುಕೊಳ್ಳಬೇಕು.