ನಿಮಗಿದು ಗೊತ್ತೆ? ತಪ್ಪು ಬ್ಯಾಟರಿಯದ್ದಲ್ಲ!
ಮನೆ ಮುಂದೆ ಸ್ಟಾರ್ಟ್ ಆಗದೆ ಸತಾಯಿಸಿದ ಕಾರು ಗ್ಯಾರೇಜಿನಲ್ಲಿ ಸಲೀಸಾಗಿ ಸ್ಟಾರ್ಟ್ ಆಗಿಬಿಡುತ್ತದೆ. ಹೀಗೆ ಬಂದು ಹೋಗುವ ದೋಷಕ್ಕೆ ಎಷ್ಟೋ ಸಲ ಕಾರಣ ಅರ್ತ್ ವೈರ್. ಎಂಜಿನ್ನಿಗೂ ಬಾಡಿಗೂ ಬೋಲ್ಟ್ ಹಾಕಿ ಬಿಗಿದ ಆ ತಂತಿಯ ತುದಿಗೆ ತುಕ್ಕು, ಹಸಿರು ಕಿಲುಬು ಹಿಡಿದರೆ ಬಿಸಿ, ತೇವ, ಅದುರುವಿಕೆಗೆ ತಕ್ಕಂತೆ ಸಂಪರ್ಕ ಒಮ್ಮೆ ಕೂಡುತ್ತದೆ, ಒಮ್ಮೆ ಕೈಕೊಡುತ್ತದೆ. ಮಲ್ಟಿಮೀಟರಿನಲ್ಲಿ ಓಮ್ ಅಳೆದರೆ ಎಲ್ಲ ಸರಿಯಿದೆಯೆಂದೇ ತೋರುತ್ತದೆ. ಆದರೆ ಸ್ಟಾರ್ಟರ್ ಮೋಟರ್ 150 ಆಂಪಿಯರ್ ಎಳೆಯುವಾಗ ಕೇವಲ 0.01 ಓಮ್ ತಡೆಯೂ 1.5 ವೋಲ್ಟ್ ನುಂಗುತ್ತದೆ! ಹಾಗಾಗಿ ಅಳೆಯಬೇಕಾದದ್ದು ಸೆಲ್ಫ್ ಹೊಡೆಯುತ್ತಿರುವಾಗಲೇ: ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ತುದಿಗೆ, ಇನ್ನೊಂದು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಅರ್ಧ ವೋಲ್ಟ್ ದಾಟಿದರೆ ಆ ಜೋಡಣೆ ಬಿಚ್ಚಿ ಉಜ್ಜಿಸಿ. ಹೊಸ ಬ್ಯಾಟರಿಗೆ ದುಡ್ಡು ಸುರಿಯುವ ಮುನ್ನ ಈ ಪರೀಕ್ಷೆ ಮಾಡಿಸಿ.