ಬಿಸಿಲಿಗೂ ಗ್ರಿಡ್‌ಗೂ ನಡುವಿನ ಪೆಟ್ಟಿಗೆ: ಹೆಫೇಯ ಮೇಷ್ಟರು ಕಟ್ಟಿದ ಸನ್‌ಗ್ರೋ

ಪೂರ್ವ ಚೀನಾದ ಆನ್‌ಹುಯಿ ಪ್ರಾಂತ್ಯದ ಹುವೈನಾನ್ ಕಲ್ಲಿದ್ದಲಿನ ಊರು. ದಶಕಗಳ ಕಾಲ ಒಡಲು ಬಗೆದದ್ದಕ್ಕೆ ಅಲ್ಲಿ ನೆಲವೇ ಕುಸಿಯಿತು. ಕುಸಿದಲ್ಲಿ ನೀರು ನಿಂತು ಕೆರೆಗಳಾದವು. ಬೇಸಾಯಕ್ಕೂ ವಾಸಕ್ಕೂ ಒದಗದ ಆ ನೀರಿನ ಮೇಲೆ 2017ರಲ್ಲಿ 40 ಮೆಗಾವಾಟ್‌ನ ತೇಲುವ ಸೌರ ಸ್ಥಾವರ ಗ್ರಿಡ್‌ಗೆ ಸೇರಿತು. ಅಂದಿಗೆ ಅದು ಜಗತ್ತಿನಲ್ಲೇ ದೊಡ್ಡದು. ಕಟ್ಟಿದ್ದು ಅದೇ ಪ್ರಾಂತ್ಯದ ರಾಜಧಾನಿ ಹೆಫೇಯ ಸನ್‌ಗ್ರೋ ಕಂಪನಿ.

ಸನ್‌ಗ್ರೋಗೆ ಹೆಸರು ತಂದದ್ದು ಪ್ಯಾನೆಲ್ ಅಲ್ಲ, ಇನ್ವರ್ಟರ್. ಜಗತ್ತಿನ ಸೋಲಾರ್ ಇನ್ವರ್ಟರ್ ಮಾರುಕಟ್ಟೆಯಲ್ಲಿ ವರ್ಷಗಳಿಂದ ಮೊದಲ ಎರಡು ಸ್ಥಾನ ಇದಕ್ಕೂ ಹುವಾವೇಗೂ ಮೀಸಲಾಗಿವೆ. 2024ರ ಒಂದೇ ವರ್ಷದಲ್ಲಿ ಸನ್‌ಗ್ರೋ ರವಾನಿಸಿದ ಸೌರ ಇನ್ವರ್ಟರ್‌ಗಳ ಒಟ್ಟು ಸಾಮರ್ಥ್ಯ ಸುಮಾರು 147 ಗಿಗಾವಾಟ್. ನಮ್ಮ ಪಾವಗಡದ ಸೌರ ಪಾರ್ಕ್ 2,050 ಮೆಗಾವಾಟ್‌ನದು. ಅಂಥ ಎಪ್ಪತ್ತು ಪಾರ್ಕ್‌ಗಳಿಗೆ ಸಾಲುವಷ್ಟು ಸರಕು ಅದು.

ಪಾಠದ ಕೋಣೆಯಿಂದ ಕಾರ್ಖಾನೆಗೆ

ಸನ್‌ಗ್ರೋ ಸ್ಥಾಪಕ ತ್ಸಾವೊ ರೆನ್‌ಶಿಯನ್ ವ್ಯಾಪಾರಿ ಮನೆತನದಿಂದ ಹೆಸರಾದವರಲ್ಲ. ಹೆಫೇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಓದಿ, ಅಲ್ಲೇ ಪಾಠ ಹೇಳುತ್ತಿದ್ದ ಮೇಷ್ಟರು. 1997ರಲ್ಲಿ ಅವರು ಕಂಪನಿ ಹುಟ್ಟುಹಾಕಿದಾಗ ಚೀನಾದಲ್ಲಿ ಸೌರವಿದ್ಯುತ್ತಿಗೆ ಮಾರುಕಟ್ಟೆಯೆಂಬುದೇ ಇರಲಿಲ್ಲವೆನ್ನಬಹುದು. ಲೈನ್ ಎಳೆಯಲಾಗದ ದೂರದ ಹಳ್ಳಿಗಳೇ ಆಗ ಸೋಲಾರ್‌ನ ಗಿರಾಕಿಗಳು. ಅಲ್ಲಿಂದ 2011ರಲ್ಲಿ ಶೆನ್‌ಝೆನ್ ಷೇರುಪೇಟೆ ಮುಟ್ಟಲು ಹದಿನಾಲ್ಕು ವರ್ಷ ಹಿಡಿಯಿತು. ಸಿಬ್ಬಂದಿಯಲ್ಲಿ ಶೇ 40ರಷ್ಟು ಜನ ಸಂಶೋಧನೆಯಲ್ಲಿದ್ದಾರೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಅಗ್ಗದ ಕೂಲಿಯೊಂದರಿಂದಲೇ ಚೀನಾ ಗೆದ್ದಿತು ಎನ್ನುವವರು ಈ ಲೆಕ್ಕವನ್ನು ಗಮನಿಸಬೇಕು.

ಇನ್ವರ್ಟರ್ ಮಾಡುವ ಕೆಲಸವೇನು? ಪ್ಯಾನೆಲ್‌ನಿಂದ ಬರುವುದು ಡಿಸಿ ಕರೆಂಟ್. ಮನೆಗೂ ಗ್ರಿಡ್‌ಗೂ ಬೇಕಾದ್ದು ಎಸಿ. ಒಳಗಿನ ಸೆಮಿಕಂಡಕ್ಟರ್ ಸ್ವಿಚ್‌ಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ, ಆ ಡಿಸಿಯನ್ನು 50 ಹರ್ಟ್ಸ್‌ನ ಎಸಿಯಾಗಿ ರೂಪಿಸುತ್ತವೆ. ಮೋಡ ಕವಿದಾಗ, ಬಿಸಿಲೇರಿದಾಗ ಪ್ಯಾನೆಲ್‌ನಿಂದ ಗರಿಷ್ಠ ವಿದ್ಯುತ್ ಸಿಗುವ ವೋಲ್ಟೇಜನ್ನು ಕ್ಷಣಕ್ಷಣಕ್ಕೂ ಹುಡುಕುವುದೂ ಇದೇ ಪೆಟ್ಟಿಗೆ. ಕರೆಂಟ್ ಹೋದಾಗ ಮನೆಯ ಸೋಲಾರ್ ಗ್ರಿಡ್‌ಗೆ ವಿದ್ಯುತ್ ಹರಿಸುವುದನ್ನು ತಕ್ಷಣ ನಿಲ್ಲಿಸಿ, ಕಂಬ ಹತ್ತಿದ ಲೈನ್‌ಮನ್‌ನ ಜೀವ ಕಾಯುವುದೂ ಇದೇ.

ಹಗಲಿನ ಬೆಳೆಗೆ ರಾತ್ರಿಯ ಕಣಜ

ಸೋಲಾರ್‌ನ ದೊಡ್ಡ ಕೊರತೆ ಎಲ್ಲರಿಗೂ ಗೊತ್ತಿರುವುದೇ. ಮಧ್ಯಾಹ್ನ ವಿದ್ಯುತ್ ಹೇರಳ; ದೀಪ ಹಚ್ಚುವ ಹೊತ್ತಿಗೆ ಬೇಡಿಕೆ ಏರುತ್ತದೆ, ಸೂರ್ಯ ಇರುವುದಿಲ್ಲ. ಈ ಅಂತರ ತುಂಬಲು ಬ್ಯಾಟರಿಯೆಂಬ ಕಣಜ ಬೇಕು. 2014ರಲ್ಲಿ ಕೊರಿಯಾದ ಸ್ಯಾಮ್‌ಸಂಗ್ ಎಸ್‌ಡಿಐ ಜೊತೆ ಕೈಜೋಡಿಸಿದ ಸನ್‌ಗ್ರೋ ಈ ದಾರಿಯನ್ನು ಬೇಗನೆ ಹಿಡಿಯಿತು. ಅದರ ಪವರ್‌ಟೈಟನ್ 2.0 ಒಂದು ಇಪ್ಪತ್ತು ಅಡಿ ಕಂಟೇನರ್. ಅದರಲ್ಲಿ 5 ಮೆಗಾವಾಟ್ ಅವರ್, ಅಂದರೆ ಐದು ಸಾವಿರ ಯೂನಿಟ್ ವಿದ್ಯುತ್ ಕೂಡಿಡಬಹುದು. ಬಳಸುವುದು ಲಿಥಿಯಂ ಐರನ್ ಫಾಸ್ಫೇಟ್ ಸೆಲ್. ಇದಕ್ಕೆ ದುಬಾರಿ ಕೋಬಾಲ್ಟ್, ನಿಕಲ್ ಬೇಡ. ಬೆಂಕಿಯ ಭಯವೂ ಇತರ ಲಿಥಿಯಂ ಬ್ಯಾಟರಿಗಳಿಗಿಂತ ಕಡಿಮೆ. 2024ರಲ್ಲಿ ಸೌದಿ ಅರೇಬಿಯಾದ ಮೂರು ಕಡೆಗಳಿಗೆ ಒಟ್ಟು 7.8 ಗಿಗಾವಾಟ್ ಅವರ್ ಸಂಗ್ರಹಣೆ ಒದಗಿಸುವ ಗುತ್ತಿಗೆ ಸನ್‌ಗ್ರೋಗೆ ಸಿಕ್ಕಿತು. ತೈಲದ ನಾಡೇ ಬಿಸಿಲನ್ನು ಕೂಡಿಡಲು ಹೊರಟಿದೆ.

ಬೆಂಗಳೂರಿನ ನಂಟು

ಸನ್‌ಗ್ರೋ ಚೀನಾದ ಹೊರಗೆ ಮೊದಲ ಕಾರ್ಖಾನೆ ತೆರೆದದ್ದು ನಮ್ಮ ಬೆಂಗಳೂರಿನಲ್ಲಿ, 2018ರಲ್ಲಿ. ವರ್ಷಕ್ಕೆ 3 ಗಿಗಾವಾಟ್ ಸಾಮರ್ಥ್ಯದಿಂದ ಆರಂಭವಾಗಿ ಮುಂದೆ 10 ಗಿಗಾವಾಟ್‌ಗೆ ಬೆಳೆಯಿತು. ನಮ್ಮವರ ಕೈಗೆ ಕೆಲಸ ಸಿಕ್ಕಿತು, ಸ್ವಾಗತಿಸೋಣ. ಆದರೆ ಜೋಡಿಸುವ ಕೌಶಲವೇ ಬೇರೆ, ಮೂಲ ವಿನ್ಯಾಸದ ಒಡೆತನವೇ ಬೇರೆ.

ಇದರಲ್ಲಿ ಭದ್ರತೆಯ ಮಾತೂ ಇದೆ. ಇಂದಿನ ಇನ್ವರ್ಟರ್ ಇಂಟರ್‌ನೆಟ್‌ಗೆ ಅಂಟಿಕೊಂಡ ಯಂತ್ರ. ತಯಾರಕರು ದೂರದಿಂದಲೇ ಅದರ ತಂತ್ರಾಂಶ ಬದಲಿಸಬಲ್ಲರು. ಹಾಗಾಗಿ ಲಿಥುವೇನಿಯಾ 2024ರಲ್ಲಿ ಕಾನೂನು ತಂದು, 100 ಕಿಲೋವಾಟ್ ಮೀರಿದ ಸೌರ, ಪವನ ಮತ್ತು ಬ್ಯಾಟರಿ ಸ್ಥಾವರಗಳನ್ನು ಚೀನಾದಿಂದ ನಿಯಂತ್ರಿಸುವ ದಾರಿಯನ್ನು ಮುಚ್ಚಿತು. ಒಂದು ಕಂಪನಿಯ ಮೇಲೆ ಆರೋಪ ಹೊರಿಸುವ ಪ್ರಶ್ನೆ ಇದಲ್ಲ. ನಮ್ಮ ಗ್ರಿಡ್‌ನ ಕೀಲಿಕೈ ನಮ್ಮ ಬಳಿ ಇರಬೇಕೆಂಬ ಸರಳ ವಿವೇಕ.

2024ರ ಫೆಬ್ರುವರಿಯಲ್ಲಿ ಆರಂಭವಾದ ಪಿಎಂ ಸೂರ್ಯ ಘರ್ ಯೋಜನೆಯ ಗುರಿ ಒಂದು ಕೋಟಿ ಮನೆಗಳ ಚಾವಣಿ. ಆ ಒಂದೊಂದು ಮನೆಗೂ ಇನ್ವರ್ಟರ್ ಬೇಕು. ಚಾವಣಿಗೆ ಸೋಲಾರ್ ಹಾಕಿಸುವವರು ಪ್ಯಾನೆಲ್‌ನ ದರವನ್ನಷ್ಟೇ ವಿಚಾರಿಸಿ ಸುಮ್ಮನಾಗಬಾರದು. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳುತ್ತದೆ, ಇನ್ವರ್ಟರ್ ಅಷ್ಟು ಬಾಳುವುದಿಲ್ಲ. ವಾರಂಟಿ ಎಷ್ಟು ವರ್ಷ, ಕೆಟ್ಟರೆ ಸರಿಮಾಡುವವರು ಹತ್ತಿರದ ಊರಿನಲ್ಲಿದ್ದಾರೆಯೇ, ಮಾಹಿತಿ ಎಲ್ಲಿನ ಸರ್ವರ್‌ಗೆ ಹೋಗುತ್ತದೆ ಎಂದು ಕೇಳಿ ಬರೆಸಿಕೊಳ್ಳಿ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲೂ ಪವರ್ ಎಲೆಕ್ಟ್ರಾನಿಕ್ಸ್ ಪಾಠ ಹೇಳುವ ಮೇಷ್ಟರಿದ್ದಾರೆ. ಅವರ ಪ್ರಯೋಗಾಲಯಕ್ಕೆ ಹಣ, ಅವರು ರೂಪಿಸಿದ ಯಂತ್ರಕ್ಕೆ ಮೊದಲ ಗಿರಾಕಿ, ಕಾಯುವ ತಾಳ್ಮೆ, ಈ ಮೂರನ್ನೂ ಸರ್ಕಾರ ಒದಗಿಸಬೇಕು. ಆ ಕೆಲಸ ಈಗಲೇ ಆರಂಭವಾಗಲಿ.