ನೊಣ ತರುವ ರೋಗ, ನೊಣ ಹೇಳುವ ಸಾಕ್ಷಿ



2022ರ ಮಳೆಗಾಲವನ್ನು ನಮ್ಮ ಹಾವೇರಿ ಜಿಲ್ಲೆಯ ದನ ಕಟ್ಟಿದ ಮನೆಗಳು ಬೇಗ ಮರೆಯಲಾರವು. ಮೊದಲು ಜ್ವರ, ಆಮೇಲೆ ಮೈತುಂಬಾ ಗಂಟು, ಕಾಲು ಬಾವು, ಮೇವು ಬಿಡುವುದು. "ದನಕ್ಕ ಗಂಟು ಎದ್ದಾವ" ಎಂಬ ಮಾತು ಓಣಿಯಿಂದ ಓಣಿಗೆ ಹರಡಿತು. ಅದೇ ಚರ್ಮಗಂಟು ರೋಗ, ಲಂಪಿ ಎಂದೂ ಕರೆಯುತ್ತೇವೆ. ರಾಜ್ಯದಲ್ಲಿ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳಲ್ಲಿ ನಮ್ಮದೂ ಒಂದು. ದನದ ಸಂತೆಗಳನ್ನು ನಿಲ್ಲಿಸಬೇಕಾಯಿತು. ಆ ವರ್ಷ ಇಡೀ ದೇಶದಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ದನಗಳು ಸತ್ತವು. ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಪರಿಹಾರ ಎಂದು ನಮ್ಮ ಸರ್ಕಾರ ಘೋಷಿಸಿತು. ಆದರೆ ಸಂಘದ ಸಾಲದಿಂದ ಆಕಳು ತಂದ ಹೆಣ್ಣುಮಗಳಿಗೆ ಲೆಕ್ಕ ಬೇರೆಯೇ ಇರುತ್ತದೆ. ಆಕಳು ಹೋಗುತ್ತದೆ, ಹಾಲು ನಿಲ್ಲುತ್ತದೆ, ಕಂತು ಮಾತ್ರ ವಾರ ವಾರ ಬರುತ್ತದೆ.

ಈ ರೋಗ ಹಟ್ಟಿಯಿಂದ ಹಟ್ಟಿಗೆ ಹೋದದ್ದು ಹೇಗೆ? ಯಾರ ಕಣ್ಣೂ ಬೀಳಲಿಲ್ಲ, ಯಾರೂ ಮಾಟ ಮಾಡಿಸಲಿಲ್ಲ. ಹೆಚ್ಚಿನ ಮಟ್ಟಿಗೆ ಅದನ್ನು ಹೊತ್ತು ತಂದದ್ದು ಕಚ್ಚುವ ನೊಣ, ಸೊಳ್ಳೆ ಮತ್ತು ಉಣ್ಣೆ.

ನೊಣ ಅಂದರೆ ನಮಗೆ ಎಲ್ಲವೂ ಒಂದೇ ತರಹ ಕಾಣುತ್ತವೆ. ಹಾಗಲ್ಲ. ಊಟದ ತಟ್ಟೆ ಮೇಲೆ ಕೂರುವ ಮನೆನೊಣ ಕಚ್ಚುವುದಿಲ್ಲ, ಅದಕ್ಕೆ ನೆಕ್ಕುವ ಬಾಯಿ. ಕೊಟ್ಟಿಗೆಯಲ್ಲಿ ದನದ ಮುಂಗಾಲಿಗೆ ಕೂತು ಚುಚ್ಚುವ ನೊಣ ನೋಡಲು ಮನೆನೊಣದ ಹಾಗೆಯೇ ಇದ್ದರೂ ಅದಕ್ಕೆ ಮುಂದಕ್ಕೆ ಚಾಚಿದ ಸೂಜಿಯಂಥ ಬಾಯಿ ಇದೆ. ದನ ಸುಮ್ಮನೆ ಕಾಲು ಝಾಡಿಸುತ್ತಾ ನಿಂತಿದ್ದರೆ ಇದರದೇ ಕಾಟ ಎಂದು ತಿಳಿಯಿರಿ. ಹಿಂದೆ ಒಂದೇ ಸೂಜಿಯಿಂದ ಹತ್ತು ಜನರಿಗೆ ಇಂಜೆಕ್ಷನ್ ಕೊಡುತ್ತಿದ್ದರಲ್ಲ, ಈ ನೊಣದ ಕೆಲಸ ಅದೇ. ಗಂಟಾದ ದನವನ್ನು ಚುಚ್ಚಿ, ಅರ್ಧ ಹೊಟ್ಟೆಗೇ ಬಾಲದ ಏಟು ತಿಂದು ಎದ್ದು, ಪಕ್ಕದ ದನದ ಮೇಲೆ ಊಟ ಮುಗಿಸುತ್ತದೆ. ಬಾಯಿಗೆ ಅಂಟಿದ ವೈರಾಣು ಅದರ ಜೊತೆಗೇ ಹೋಗುತ್ತದೆ. ಒಂದು ಜಾತಿಯ ಸೊಳ್ಳೆಯಂತೂ ರೋಗಿ ದನವನ್ನು ಕಚ್ಚಿ ಆರು ದಿನವಾದ ಮೇಲೂ ಇನ್ನೊಂದು ದನಕ್ಕೆ ರೋಗ ಅಂಟಿಸಿದ್ದನ್ನು ವಿಜ್ಞಾನಿಗಳು ಪರೀಕ್ಷೆ ಮಾಡಿ ನೋಡಿದ್ದಾರೆ.

ಉಣ್ಣೆಗೆ ಎಂಟು ಕಾಲು, ಹಾಗಾಗಿ ಅದು ಕೀಟವೇ ಅಲ್ಲ, ಜೇಡದ ಕಡೆಯ ನೆಂಟ. ಆದರೂ ರೋಗ ಹರಡುವುದರಲ್ಲಿ ಯಾರಿಗೂ ಕಡಿಮೆಯಿಲ್ಲ. ಹಾನಗಲ್ಲಿಗೆ ಹೊಂದಿಕೊಂಡ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನರಿಗೂ ಜ್ವರ ಬಂದದ್ದು ಉಣ್ಣೆಯಿಂದಲೇ. ಮಂಗನ ಕಾಯಿಲೆ ಅಂತೀವಲ್ಲ, ಅದು. ಚರ್ಮಗಂಟು ರೋಗ ಮಾತ್ರ ಮನುಷ್ಯರಿಗೆ ಬರುವುದಿಲ್ಲ. ಹಾಲನ್ನು ಕಾಯಿಸಿ ಕುಡಿಯಲು ಹೆದರಬೇಕಾಗಿಲ್ಲ.

ಈಗ ನೊಣದ ಇನ್ನೊಂದು ಮುಖ ನೋಡೋಣ. ಟಿವಿಯಲ್ಲಿ ಕೊಲೆಯ ಧಾರಾವಾಹಿ ನೋಡುವವರಿಗೆ ಇದು ರುಚಿಸೀತು!

ಚೀನಾ ದೇಶದಲ್ಲಿ ಸೋಂಗ್ ಸಿ ಎಂಬ ನ್ಯಾಯಾಧಿಕಾರಿ 1247ರಲ್ಲಿ ಸಾವಿನ ತನಿಖೆ ಬಗ್ಗೆ ಒಂದು ಪುಸ್ತಕ ಬರೆದ. ಅದರಲ್ಲಿ ಒಂದು ಪ್ರಸಂಗ ಬರುತ್ತದೆ. ದಾರಿ ಬದಿ ಒಬ್ಬನ ಹೆಣ ಸಿಕ್ಕಿತು, ಗಾಯಗಳು ಕುಡುಗೋಲಿನವು. ಅಧಿಕಾರಿ ಸುತ್ತಲಿನವರ ಕುಡುಗೋಲುಗಳನ್ನೆಲ್ಲ ತರಿಸಿ ಬಿಸಿಲಲ್ಲಿ ನೆಲದ ಮೇಲೆ ಸಾಲಾಗಿ ಇಡಿಸಿದ. ನೊಣಗಳು ಬಂದು ಒಂದೇ ಒಂದು ಕುಡುಗೋಲಿಗೆ ಮುತ್ತಿದವು. ಒರೆಸಿದ್ದರೂ ರಕ್ತದ ವಾಸನೆ ಉಳಿದಿತ್ತು. ಅದರ ಒಡೆಯ ತಪ್ಪೊಪ್ಪಿಕೊಂಡ. ಜಗಳದ ಮೂಲ ಸಾಲದ ಹಣ. ಕಾಲ ಯಾವುದಾದರೇನು, ದೇಶ ಯಾವುದಾದರೇನು!

ಇಂದಿನ ತನಿಖೆಯಲ್ಲಿ ನೊಣ ಮುಖ್ಯವಾಗಿ ಗಡಿಯಾರದ ಕೆಲಸ ಮಾಡುತ್ತದೆ. ಹಸಿರು, ನೀಲಿ ಮಿನುಗುವ ನೊಣ ನೋಡಿದ್ದೀರಿ. ಹಗಲು, ಬಯಲು ಜಾಗವಾದರೆ ಜೀವ ಹೋದ ಸ್ವಲ್ಪ ಹೊತ್ತಿಗೇ ಅದು ಬಂದು ಕಣ್ಣು, ಮೂಗು, ಬಾಯಿ, ಗಾಯಗಳಲ್ಲಿ ಮೊಟ್ಟೆ ಇಡುತ್ತದೆ. ನಮ್ಮ ಸೆಕೆಗೆ ಒಂದು ದಿನದೊಳಗೆ ಮೊಟ್ಟೆ ಒಡೆದು ಹುಳ ಬರುತ್ತದೆ. ಹುಳ ಎರಡು ಸಲ ಪೊರೆ ಕಳಚಿ ಬೆಳೆದು, ಪಕ್ಕಕ್ಕೆ ಸರಿದು, ಕಂದು ಬಣ್ಣದ ಕೋಶ ಕಟ್ಟಿಕೊಳ್ಳುತ್ತದೆ. ಸುಮಾರು ಹತ್ತು ದಿನಕ್ಕೆ ಮತ್ತೆ ನೊಣ. ಹುಳ ಯಾವ ಜಾತಿ, ಎಷ್ಟು ಬೆಳೆದಿದೆ, ಆ ದಿನಗಳಲ್ಲಿ ಬಿಸಿಲು ಎಷ್ಟಿತ್ತು ಎಂದು ಲೆಕ್ಕ ಹಾಕಿ, ಸತ್ತು ಕನಿಷ್ಠ ಎಷ್ಟು ದಿನವಾಯಿತು ಎಂದು ತಜ್ಞರು ಹೇಳುತ್ತಾರೆ. ಚಳಿಯಲ್ಲಿ ಈ ಗಡಿಯಾರ ನಿಧಾನ. ಹೆಣ ಪೂರ್ತಿ ಕೊಳೆತು ರಕ್ತವೇ ಸಿಗದಿದ್ದಾಗ ಹುಳದ ಹೊಟ್ಟೆಯಲ್ಲಿ ವಿಷ ಹುಡುಕುವುದೂ ಉಂಟು. ಅಮೆರಿಕದ ಹವಾಯಿ ದ್ವೀಪದಲ್ಲಿ 1980ರ ದಶಕದಲ್ಲಿ ಹೀಗೆ ಹುಳಗಳಲ್ಲಿ ಮೆಲಾಥಿಯಾನ್ ಸಿಕ್ಕಿತ್ತು. ನಮ್ಮ ಹೊಲಗಳಲ್ಲೂ ಹೊಡೆದ ಅದೇ ಔಷಧಿ.

ಆದ್ದರಿಂದ ಊರಲ್ಲಿ ಅನುಮಾನದ ಸಾವು ಆದಾಗ "ಪಾಪ, ಮೈ ತೊಳೀರಿ, ಹುಳ ತೆಗೀರಿ" ಎಂದು ಅವಸರ ಮಾಡಬಾರದು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅನುಮಾನಾಸ್ಪದವಾಗಿ ಸತ್ತರೆ ತಹಶೀಲ್ದಾರರೇ ಬಂದು ಪಂಚನಾಮೆ ಮಾಡಬೇಕು ಎಂಬ ನಿಯಮ ಇದೆ. ಅಲ್ಲಿಯವರೆಗೆ ಯಾರೂ ಏನನ್ನೂ ಒರೆಸದಂತೆ ನೋಡಿಕೊಳ್ಳುವ ಧೈರ್ಯ ಹೆಂಗಸರ ಸಂಘಕ್ಕೆ ಇರಬೇಕು ಎಂದೇ ನನ್ನ ಅಭಿಪ್ರಾಯ.

ಇದೇ ಗಡಿಯಾರ ಬದುಕಿರುವ ದನದ ಮೈಮೇಲೂ ನಡೆಯುತ್ತದೆ. ಕೊಂಬು ಮುರಿದ ಜಾಗ, ನೊಗದ ಹುಣ್ಣು, ಕರುವಿನ ಹೊಕ್ಕುಳು, ಚರ್ಮಗಂಟು ಒಡೆದ ಗಾಯ, ಇವುಗಳ ಅಂಚಿನಲ್ಲಿ ಒಂದು ಜಾತಿಯ ನೊಣ ನೂರಕ್ಕೂ ಹೆಚ್ಚು ಮೊಟ್ಟೆಯನ್ನು ಒಂದೇ ಸಲ ಇಡುತ್ತದೆ. ಮರುದಿನ ಹುಳ. ಐದಾರು ದಿನ ಹಸಿ ಮಾಂಸವನ್ನೇ ಕೊರೆದು ತಿಂದು, ದಪ್ಪಗಾಗಿ ನೆಲಕ್ಕೆ ಉದುರುತ್ತವೆ. ಅಂದರೆ, ಗಾಯದಲ್ಲಿ ದಪ್ಪ ಹುಳ ಕಂಡರೆ ಆ ಗಾಯವನ್ನು ನಾಲ್ಕೈದು ದಿನದಿಂದ ಯಾರೂ ಸರಿಯಾಗಿ ನೋಡಿಲ್ಲ ಎಂದು ಅರ್ಥ. ಹೊರದೇಶಗಳಲ್ಲಿ ಹಾಸಿಗೆ ಹಿಡಿದ ಮುದುಕರನ್ನು ಎಷ್ಟು ದಿನದಿಂದ ಕಡೆಗಣಿಸಿದ್ದಾರೆ ಎಂಬುದನ್ನೂ ಹೀಗೇ ಹುಳದ ವಯಸ್ಸಿನಿಂದ ಕಂಡುಹಿಡಿದಿದ್ದಾರೆ.

ಹುಳ ಬಿದ್ದ ಗಾಯಕ್ಕೆ ಕೊಬ್ಬರಿ ಎಣ್ಣೆಯಲ್ಲಿ ಕರ್ಪೂರ ಕರಗಿಸಿ ಹಾಕಿದರೆ ಹುಳ ಹೊರಗೆ ಬರುತ್ತವೆ. ಸೀತಾಫಲದ ಎಲೆ ಅರೆದು ಹಚ್ಚುವುದೂ ರೂಢಿಯಲ್ಲಿದೆ. ಗಾಯ ಆಳವಾಗಿದ್ದರೆ ಡಾಕ್ಟರೇ ಬೇಕು. ಹತ್ತಿಗೆ, ಗೋವಿನಜೋಳಕ್ಕೆ ಹೊಡೆಯುವ ಔಷಧಿಯನ್ನು ಮಾತ್ರ ದನದ ಮೈಗಾಗಲಿ, ಗಾಯಕ್ಕಾಗಲಿ ಹಚ್ಚಲೇಬೇಡಿ. ದನ ಅದನ್ನು ನೆಕ್ಕುತ್ತದೆ, ಹುಳಕ್ಕಿಂತ ಮೊದಲು ದನವೇ ಹೋದೀತು.

ಇನ್ನು ತಿಪ್ಪೆ. ಮನೆನೊಣ ಬೇಸಿಗೆಯಲ್ಲಿ ಮೊಟ್ಟೆಯಿಂದ ನೊಣವಾಗಲು ಎಂಟು ಹತ್ತು ದಿನ ಬೇಕು. ಕಚ್ಚುವ ಕೊಟ್ಟಿಗೆ ನೊಣಕ್ಕೆ ಎರಡು ಮೂರು ವಾರ. ಅದು ಬೆಳೆಯುವುದು ಗಂಜಳ ನೆನೆದ ಹುಲ್ಲಿನಲ್ಲಿ, ಗ್ವಾದಲಿ ಕೆಳಗಿನ ಕೊಳೆತ ಮೇವಿನಲ್ಲಿ. ವಾರಕ್ಕೊಮ್ಮೆ ಆ ಮೂಲೆಯನ್ನೆಲ್ಲ ಕೆರೆದು ತೆಗೆದರೆ ಹುಳ ನೊಣವಾಗುವ ಮೊದಲೇ ಅದರ ಆಯುಷ್ಯ ಮುಗಿಯಿತು. ಹದಿನೈದು ದಿನಕ್ಕೊಮ್ಮೆ ಅಂದರೆ ತಡವಾಯಿತು, ಅಷ್ಟರಲ್ಲಿ ಮನೆನೊಣ ಹಾರಿರುತ್ತದೆ. ತೆಗೆದ ಸಗಣಿಯನ್ನು ತಿಪ್ಪೆಗೆ ಹಾಕಿ ಮಣ್ಣು ಅಥವಾ ಪ್ಲಾಸ್ಟಿಕ್ ಹಾಳೆ ಮುಚ್ಚಿದರೆ ಒಳಗಿನ ಕಾವಿಗೇ ಹುಳ ಸಾಯುತ್ತವೆ. ಕೋಳಿ ಇದ್ದವರ ಮನೆಯಲ್ಲಿ ಉಳಿದ ಹುಳವನ್ನು ಕೋಳಿ ನೋಡಿಕೊಳ್ಳುತ್ತದೆ. ಆದರೆ ಒಂದು ಮನೆಯವರು ಮಾಡಿ ಪಕ್ಕದವರು ಬಿಟ್ಟರೆ ಏನೂ ಆಗದು. ನೊಣಕ್ಕೆ ಗೋಡೆ ಇಲ್ಲ. ಓಣಿಯ ಸಂಘ ಒಟ್ಟಾಗಿ ಒಂದು ವಾರ ಗೊತ್ತು ಮಾಡಿಕೊಳ್ಳುವುದು ಲೇಸು. ಸಂಜೆ ಬೇವಿನ ಸೊಪ್ಪಿನ ಹೊಗೆ ಹಾಕಿ, ಬೇಡ ಅನ್ನುವುದಿಲ್ಲ. ಆದರೆ ಹೊಗೆ ನೊಣವನ್ನು ಓಡಿಸುತ್ತದೆ, ಹುಟ್ಟದಂತೆ ಮಾಡುವುದಿಲ್ಲ.

ಲಸಿಕೆಯನ್ನು ರೋಗ ಬರುವ ಮೊದಲೇ ಹಾಕಿಸಬೇಕು, ರಕ್ಷಣೆ ಬರಲು ಸುಮಾರು ಮೂರು ವಾರ ಹಿಡಿಯುತ್ತದೆ. 2022ರಲ್ಲಿ ನಮ್ಮ ದನಗಳಿಗೆ ಹಾಕಿದ್ದು ಮೇಕೆ ಸಿಡುಬಿನ ಲಸಿಕೆ. ಈಗ ಈ ರೋಗಕ್ಕೆಂದೇ ತಯಾರಾದ ಲಸಿಕೆಗಳೂ ಇವೆ. ಗಂಟು ಕಂಡ ದನವನ್ನು ಅಂದೇ ಬೇರೆ ಕಟ್ಟಿ, ಸಂತೆಗೆ ಹೊಡೆಯಬೇಡಿ, ಪಶು ಆಸ್ಪತ್ರೆಗೆ ಹೇಳಿ. ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ 1962ಕ್ಕೆ ಫೋನ್ ಮಾಡಬಹುದು.

ಸಾಲದ ಆಕಳಿಗೆ ವಿಮೆ ಮಾಡಿಸಿದ್ದರೆ ಕಿವಿಯ ಓಲೆ ಬಿದ್ದಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಬಿದ್ದಿದ್ದರೆ ಕೂಡಲೇ ತಿಳಿಸಿ ಬೇರೆ ಹಾಕಿಸಿಕೊಳ್ಳಿ. ದನ ಸತ್ತರೆ ಓಲೆ ಕೀಳಬೇಡಿ, ಡಾಕ್ಟರು ನೋಡುವ ಮೊದಲು ಹೂಳಬೇಡಿ. ಬ್ಯಾಂಕಿಗೆ, ವಿಮೆಯವರಿಗೆ ಅದೇ ದಿನ ತಿಳಿಸಿ. ನಮ್ಮ ಬಿಸಿಲಿಗೆ ಮರುದಿನಕ್ಕೇ ಹುಳ ಬಿದ್ದಿರುತ್ತವೆ, ಆಮೇಲೆ ಡಾಕ್ಟರಿಗೂ ರೋಗ ಯಾವುದೆಂದು ಹೇಳುವುದು ಕಷ್ಟ. ಅವರು ನೋಡಿ ಬರೆದುಕೊಂಡ ಮೇಲೆ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ, ನಾಯಿ ಕೆದಕದ ಹಾಗೆ ಮುಚ್ಚಿ.